ನಿನ್ನ ಸ್ವಂತ ನಲವತ್ತೊಂದು

ಭಾನುವಾರ, ಮನೆಯಿಂದ

ನನ್ನ ಮುದ್ದು ಪುಟ್ಟಿಗೆ ಅಮ್ಮನ ಸಾವಿರ ಮುತ್ತು.

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಮೊನ್ನೆ ನೀನು ಫೋನಿನಲ್ಲಿ ಕುಣಿದಾಡಿದ್ದು ಇನ್ನೂ ಕಿವಿಯಲ್ಲಿದೆ. "ಅಮ್ಮಾ, ಸ್ಟ್ಯಾಟಿಸ್ಟಿಕ್ಸಲ್ಲಿ ನಲವತ್ತೊಂದು! ನನ್ನ ಸ್ವಂತ ಮಾರ್ಕ್ಸು ಕಣಮ್ಮಾ!" ನಾನು ಮಾತಾಡದೆ ಫೋನಿಟ್ಟದ್ದಕ್ಕೆ ಮುನಿಸೇ? ಒಲೆಯ ಮೇಲೆ ಹಾಲಿತ್ತು, ಅಷ್ಟೆ. ಪಕ್ಕದ ಮನೆಯಾಕೆ ಕೇಳಿದಾಗ ತೊಂಬತ್ತೊಂದು ಎಂದೆ. ನಿನ್ನ ಮರ್ಯಾದೆ ನಾನಲ್ಲದೆ ಇನ್ಯಾರು ಕಾಯಬೇಕು?

ಮೊದಲ ಸೆಮಿಸ್ಟರ್ ಮರೆತೆಯಾ? ಕಾಲೇಜು ಸೇರಿದ್ದು ಹೆಸರಿಗಷ್ಟೆ, ಕ್ಲಾಸೆಲ್ಲ ಮನೆಯ ಲ್ಯಾಪ್‌ಟಾಪಿನಲ್ಲಿ. ಮೇಡಂ ಪರದೆ ತುಂಬ ಸೂತ್ರ ಸುರಿದು, ನಿನ್ನ ತಲೆಗೆ ಹತ್ತುವ ಮೊದಲೇ ಸ್ಲೈಡು ಬದಲಾಯಿಸುತ್ತಿದ್ದರು. "ಅರ್ಥ ಆಯ್ತಾ?" ಎಂದರೆ ಇಡೀ ಕ್ಲಾಸೇ ಮ್ಯೂಟು. ಊರ ಮಕ್ಕಳಿಗೆಲ್ಲ ಗಣಿತದ ಟ್ಯೂಷನ್ ಹೇಳಿದವಳು ನಾನು, ನೋಡಿಕೊಂಡು ಸುಮ್ಮನಿರಲೇ? ಕ್ಯಾಮೆರಾಕ್ಕೆ ಕಾಣದ ಹಾಗೆ ನಿನ್ನ ಬಲಗಡೆ ಕೂತು, ಸ್ಲೇಟಿನಲ್ಲಿ ಉತ್ತರ ಬರೆದು ಹಿಡಿದೆ. ನೀನು ಓದಿದೆ. ಮೇಡಂ "ಭೇಷ್" ಎಂದರು. ಆ ದಿನ ಸಂತೋಷಕ್ಕೆ ನನಗೆ ಊಟವೇ ಬೇಡವಾಗಿತ್ತು.

ನಾನು ಚಿವುಟುತ್ತಿದ್ದೆನೆಂದು ಅಪ್ಪನ ಹತ್ತಿರ ದೂರಿದೆಯಂತೆ. ವರ್ಗಮೂಲ ತೆಗೆಯುವುದನ್ನು ಮತ್ತೆ ಮತ್ತೆ ಮರೆತರೆ ಇನ್ನೇನು ಮಾಡಲಿ? ಮೇಜಿನ ಕೆಳಗೆ, ಒಂದು ಚೂರು. ತೊಡೆ ನೀಲಿಗಟ್ಟಿದ್ದಕ್ಕೆ ನಾನು ಹೊಣೆಯಲ್ಲ, ನಿನ್ನ ಮೈಯೇ ಹಾಗೆ. ಅಳು ಬಂದಾಗ ಕ್ಯಾಮೆರಾ ಆರಿಸಿ, "ನೆಟ್ ಸರಿಯಿಲ್ಲ ಮೇಡಂ" ಎಂದು ನಿನ್ನ ಪರವಾಗಿ ಟೈಪು ಮಾಡಿದ್ದೂ ನಾನೇ ಅಲ್ಲವೇ?

ಆಮೇಲೆ ಕಾಲೇಜು ಬಾಗಿಲು ತೆರೆಯಿತು, ನೀನು ಹಾಸ್ಟೆಲಿಗೆ ಹೋದೆ. ಮೇಡಂ ಬೋರ್ಡಿನ ಹತ್ತಿರ ಕರೆದಾಗ ಬಾಯಿ ತೆರೆಯುವ ಮೊದಲು ಬಲಕ್ಕೆ ಕತ್ತು ತಿರುಗಿಸಿದೆಯಂತೆ. "ಅಲ್ಲಿ ಯಾರೇ ಇದಾರೆ?" ಎಂದು ಕ್ಲಾಸಿಗೆ ಕ್ಲಾಸೇ ನಕ್ಕಿತಂತೆ. ಆಗಲೇ ವಾಪಸ್ ಬಾ ಎಂದೆ ನಾನು. ಬರಲಿಲ್ಲ. ರೂಮಿನ ಹುಡುಗಿ ಡಬ್ಬಿಯಲ್ಲಿ ಬಣ್ಣದ ಗುಂಡಿ ಹಾಕಿ ಸಂಭವನೀಯತೆ ಕಲಿಸುತ್ತಾಳೆ, ಈಗ ತಿಳಿಯುತ್ತದೆ ಎಂದೆ ನೀನು. ಶಿಶುವಿಹಾರದ ಆಟ! ಪಾಸಾಗಲು ನಲವತ್ತು ಸಾಕಂತೆ. ಸಾಕು ಎನ್ನುವುದನ್ನು ನಾನು ನಿನಗೆ ಯಾವತ್ತು ಕಲಿಸಿದ್ದೆ?

ಮನೆ ಭಣಭಣ ಎನ್ನುತ್ತದೆ. ಮಧ್ಯಾಹ್ನ ಹಳೆಯ ಕ್ಲಾಸಿನ ರೆಕಾರ್ಡಿಂಗ್ ಹಾಕಿಕೊಂಡು ಕೂರುತ್ತೇನೆ. ಮೇಡಂ ನಿನ್ನ ಹೆಸರು ಕರೆದರೆ, "ಹೇಳಿ ಮೇಡಂ" ಎಂದು ನನ್ನ ಬಾಯೇ ಮುಂದಾಗುತ್ತದೆ.

ನಿನ್ನ ಒಳಿತನ್ನಲ್ಲದೆ ಬೇರೇನೂ ಬಯಸದ,
ಅಮ್ಮ

ತಾ.ಕ.: ಮನೆಯಿಂದ ಓದುವವರಿಗೆ ಆನ್‌ಲೈನ್ ವಿಭಾಗ ಇನ್ನೂ ಇದೆಯಂತೆ. "ಹಾಸ್ಟೆಲ್ ಒಗ್ಗುತ್ತಿಲ್ಲ, ನನ್ನನ್ನು ಅದಕ್ಕೆ ಸೇರಿಸಿ" ಎಂದು ನಿನ್ನ ಮೇಲ್‌ನಿಂದಲೇ ಕೇಳಿಕೊಂಡಿದ್ದೆ, ಪಾಸ್‌ವರ್ಡ್ ನನ್ನ ಹತ್ತಿರ ಇದೆಯಲ್ಲ. ಒಪ್ಪಿದ್ದಾರೆ. ಹಾಸ್ಟೆಲಿನ ನಿನ್ನ ಮಂಚವನ್ನು ಆಗಲೇ ಬೇರೆ ಹುಡುಗಿಗೆ ಕೊಟ್ಟಾಯಿತು. ಈ ಕಾಗದ ತಂದುಕೊಟ್ಟ ಅಪ್ಪ ಕೆಳಗೆ ಕಾರಿನಲ್ಲಿ ಕಾಯುತ್ತಿದ್ದಾರೆ. ಬೇಗ ಇಳಿದು ಬಾ, ಪುಟ್ಟಿ.