ಯಾವುದಕ್ಕೂ ಹೊಂದದ ಭಾಗ

ಅಘನಾಶಿನಿ ಅಳಿವೆ,
೨೩೧೪, ಫೆಬ್ರವರಿ ಮೂವತ್ತು

ಮಾನ್ಯ ಸುಹಾಸಿನಿ ಹರಿಕಂತ್ರ ಅವರಿಗೆ,

ತಾರೀಖು ತಪ್ಪಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಕನ್ನಡ ನಿಮಗೆ ಒರಟೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಮಾತನ್ನು ನಾನು ಪದ್ಯಗಳಿಂದ ಕಲಿತವಳು. ಪ್ರಯೋಗಾಲಯದ ಮಾತು ಅವುಗಳಲ್ಲಿ ಕಡಿಮೆ.

ನಾನು ನೀರೋದುವವಳು. ಒಂದು ಕೊಡ ನೀರಿನಲ್ಲಿರುವ ವಂಶವಾಹಿಗಳನ್ನೆಲ್ಲ ಒಟ್ಟಿಗೆ ಓದಿ, ಅಲ್ಲಿ ಯಾರು ಬದುಕಿದ್ದಾರೆ, ಯಾರು ಸಾಯುತ್ತಿದ್ದಾರೆ ಎಂದು ಹೇಳುವುದು ನನ್ನ ಕೆಲಸ. ಇಲ್ಲಿ ಹೆಂಗಸರು ಇಳಿತದ ಹೊತ್ತಿಗೆ ಕೆಸರಿನಲ್ಲಿ ಕೂತು ಬಳಚು ಹೆಕ್ಕುತ್ತಾರೆ, ಮನೆಗಳು ಅದರಿಂದಲೇ ಉಣ್ಣುತ್ತವೆ. ಆ ಚಿಪ್ಪುಜೀವಿಗಳ ಕೊಳೆ ವಿಷವಾಗದಂತೆ ನೋಡಿಕೊಳ್ಳುವುದು ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳು. ನಾವು ‘ಹಳೆವಂಶ’ ಎನ್ನುತ್ತೇವೆ. ಬ್ಯಾಕ್ಟೀರಿಯಾದಷ್ಟೇ ಸಣ್ಣವು, ಕುಲ ಮಾತ್ರ ಬೇರೆ. ಕಳೆದ ವರ್ಷ ಅವು ಸಾಯತೊಡಗಿದವು. ನೀರು ನಾರಿತು. ಬಳಚು ಬಾಯಿಬಿಟ್ಟು ಸತ್ತವು.

ಕಾರಣವನ್ನು ನಾನು ಕಂಡುಹಿಡಿದೆ. ಕಣ್ಣಿನಿಂದಲ್ಲ, ಓದಿನಿಂದ. ಯಾವ ಪಟ್ಟಿಗೂ ಸೇರದ ಒಂದು ವೈರಸ್ಸಿನ ಎಳೆ ಸಿಕ್ಕಿತು. ಅದರ ನಡುವೆ ಕೊಳೆಯ ಅಮೋನಿಯಾವನ್ನು ಒಡೆಯುವ ಒಂದು ವಂಶವಾಹಿ, ಹಳೆವಂಶದ್ದೇ. ಕಳ್ಳ ಯಾರ ಮನೆ ಹೊಕ್ಕಿದ್ದನೆಂದು ತಿಳಿಯಲು ಅವನು ತೊಟ್ಟ ಅಂಗಿ ಸಾಕಾಯಿತು.

ಅಳಿವೆಯ ಸಭೆ ಒಂದೇ ಪ್ರಶ್ನೆ ಕೇಳಿತು: ಇದು ಹಳೆಯದೋ, ಹೊಸದೋ? ಹಳೆಯದಾದರೆ ಹಿಂದೆಯೂ ಬಂದು ಇಳಿದುಹೋಗಿದೆ, ಕಾಯಬಹುದು. ಹೊಸದಾದರೆ ಬೇರೆ ಅಳಿವೆಗಳಿಗೆ ಹಬ್ಬುವ ಮುನ್ನ ಕೆಸರಿಗೆ ಸುಣ್ಣ ಸುರಿದು ಎಲ್ಲವನ್ನೂ ಕೊಲ್ಲಬೇಕು. ನನ್ನ ಚಿಕ್ಕಿ ಬೀರಮ್ಮ ಐವತ್ತು ವರ್ಷ ಕೂತ ಕೆಸರು ಅದು.

ಉತ್ತರ ನಿಮ್ಮ ಬಳಿ ಇತ್ತು. ೨೦೨೫ರಲ್ಲಿ ಇದೇ ಅಳಿವೆಯ ನೀರನ್ನು ನೀವು ಓದಿಸಿದ್ದಿರಿ. ನಿಮ್ಮ ಸಹಿಯಿರುವ ವರದಿ ನಿಮ್ಮ ವಿಭಾಗದ ಹಳೆಯ ಡಿಸ್ಕೊಂದರಲ್ಲಿ ಸಿಕ್ಕಿತು. ಕೊನೆಯ ಸಾಲು ಹೀಗಿತ್ತು: ‘ಗೊತ್ತಿರುವ ಯಾವುದಕ್ಕೂ ಹೊಂದದ ಭಾಗ, ನೂರಕ್ಕೆ ಅರವತ್ತೆರಡು. ಜಾಗವಿಲ್ಲದ ಕಾರಣ ಅಳಿಸಲಾಗಿದೆ.’ ಅದು ಆಗ ಎಲ್ಲರ ರೂಢಿಯಾಗಿತ್ತು ಎಂದು ಬಲ್ಲೆ. ಬಲ್ಲೆನೆಂದು ಕೋಪ ಇಳಿದಿಲ್ಲ. ಅದೇ ಡಿಸ್ಕಿನಲ್ಲಿ ನಿಮ್ಮ ವಿಭಾಗದ ಬೀಳ್ಕೊಡುಗೆಯ ನಾನೂರು ಫೋಟೋಗಳು ಹಾಗೆಯೇ ಉಳಿದಿವೆ.

ಸಭೆಯಲ್ಲಿ ನಾನು ಗೊತ್ತಿಲ್ಲ ಎಂದೆ. ದಾಖಲೆಯಲ್ಲಿ ಇಲ್ಲದ್ದು ಹೊಸದು ಎಂದು ಅವರು ಬರೆದುಕೊಂಡರು. ಹಿಂದಿನ ಸಾಲಿನಿಂದ ಚಿಕ್ಕಿ ಎದ್ದು ನಿಂತಳು.

“ಓದ್ದವ್ರು ಚೆಲ್ಲಿದ್ರೆ ಆ ಹುಳ ನಿನ್ನೆ ಹುಟ್ಟಿದ್ದು ಅಂತ ಆಗ್ತದ್ಯ ತಂಗಿ? ಹಂಗಾದ್ರೆ ನನ್ನ ಅಜ್ಜಿನೂ ಇರ್ಲೇ ಇಲ್ಲ. ಅವಳದ್ದೂ ಕಾಗದ ಇಲ್ಲ.”

ಕೆಲವರು ನಕ್ಕರು. ಅಳಿಸಿದ ಭಾಗದಲ್ಲಿ ಅದು ಇದ್ದಿರಬಹುದು ಎಂದು ನಾನು ಗಟ್ಟಿಯಾಗಿ ಹೇಳಬೇಕಿತ್ತು. ಪುರಾವೆಯಿಲ್ಲದೆ ಬಾಯಿ ತೆರೆಯಬಾರದೆಂಬ ಶಿಸ್ತು ನಿಮ್ಮ ಕಾಲದಿಂದಲೇ ನಮಗೆ ಬಂದದ್ದು. ಸುಣ್ಣವೆಂದೇ ತೀರ್ಮಾನವಾಯಿತು.

ಈ ಪತ್ರ ನಿಮಗೆ ತಲುಪುವ ದಾರಿಯಿಲ್ಲ. ಆದರೂ ಕೇಳುತ್ತೇನೆ: ಅರ್ಥವಾಗದ್ದನ್ನು ಅರ್ಥವಾಗದ್ದೆಂದೇ ಹೆಸರಿಟ್ಟು ಎತ್ತಿಡಿ. ಓದುವವರು ಮುಂದೆ ಹುಟ್ಟುತ್ತಾರೆ.

ಮೊನ್ನೆ ಸುಣ್ಣದ ದೋಣಿಗಳು ಬಂದವು. ಅವು ಸುರಿಯುವ ಮುನ್ನ ತುಂಬಿಟ್ಟ ಕೊನೆಯ ಕೊಡವನ್ನು ಇಂದು ಬೆಳಿಗ್ಗೆ ಓದಿದೆ. ವೈರಸ್ ತಾನಾಗಿಯೇ ಇಳಿಯುತ್ತಿತ್ತು. ಹಳೆವಂಶ ಮತ್ತೆ ಹೆಚ್ಚುತ್ತಿತ್ತು.

ಚಿಕ್ಕಿಗೆ ಇನ್ನೂ ಹೇಳಿಲ್ಲ.

ಇತಿ,
ಗೌತಮಿ ಅಂಬಿಗ