ವಟವಟಿ ಕೇಳುವ ತನಕ

ಹೊಲಿಗೆ ಅಂಗಡಿಯಿಂದ,
ಜೂನ್ ೧೨, ಗುರುವಾರ ಮಧ್ಯಾಹ್ನ

ಪ್ರೀತಿಯ ವಟವಟಿಯ ಅಮ್ಮನಿಗೆ,

ಹೇಗಿದ್ದೀಯಾ? ಸೊಂಟನೋವು ಕಡಿಮೆಯಾಯಿತೇ? ನರ್ಸುಗಳಿಗೆ ಪಾಠ ಹೇಳುವವರು ಕೂರಿಸಿ ಹೇಳುತ್ತಾರೋ, ನಿಲ್ಲಿಸಿಯೇ ಹೇಳುತ್ತಾರೋ? ಊಟ ಬಿಡಬೇಡ, ನಿದ್ದೆಗೆಡಬೇಡ. ನಿನಗಲ್ಲಿ ತರಬೇತಿ, ನನಗಿಲ್ಲಿ ಫಜೀತಿ. ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ಪದ್ಧತಿ, ಬರೆದಿದ್ದೇನೆ. ಬೆಳಗಿನಿಂದ ಒಂದೇ ಪ್ಯಾಂಟಿನ ಜಿಪ್ಪು ಹೊಲಿದು ಬಿಚ್ಚುವುದು, ಬಿಚ್ಚಿ ಹೊಲಿಯುವುದು, ಇದೇ ಆಗಿದೆ.

ಮಗಳು ಮನೆಯಲ್ಲಿ ಎಂದಿನಂತೆ ವಟವಟ. ಹೊಸ್ತಿಲು ದಾಟಿದರೆ ಸ್ವಿಚ್ಚು ಆರಿಸಿದ ಹಾಗೆ. ಅದು ಹಟವಲ್ಲ, ಹೆದರಿಕೆ ಬಂದು ಗಂಟಲು ಹಿಡಿಯುತ್ತದೆ ಎಂದು ಡಾಕ್ಟರಮ್ಮ ಎಷ್ಟು ಹೇಳಿದರೂ ನನ್ನಕ್ಕನಿಗೆ ಒಪ್ಪಿಗೆಯಿಲ್ಲ. "ಎರಡು ಬಿಟ್ರೆ ತಾನಾಗೇ ಮಾತಾಡ್ತಾಳೆ ಕಣೋ" ಅಂದಳು. "ಅಪ್ಪ ಎಷ್ಟು ಬಿಟ್ರೂ ನಿನ್ನ ಮಾತು ನಿಲ್ಲಲಿಲ್ವಲ್ಲಕ್ಕಾ" ಅಂದೆ. ಎದ್ದು ಹೋದಳು.

ಡಾಕ್ಟರಮ್ಮ ಹೇಳಿದಂತೆ ಶಾಲೆಯ ಗಂಟೆ ಹೊಡೆಯುವ ಮುಂಚೆ ಖಾಲಿ ಕ್ಲಾಸಿನಲ್ಲಿ ನಾವಿಬ್ಬರೇ ಪ್ರಾಸದ ಆಟ ಆಡುತ್ತಿದ್ದೆವು. ನಾನು "ಗುಂಡಿ" ಅಂದರೆ ಅವಳು "ಬಂಡಿ", ನಾನು "ದಾರ" ಅಂದರೆ "ಅಪ್ಪ ಭಾರ". ಟೀಚರ್ ಮೊದಲು ಕಾರಿಡಾರಿನಲ್ಲಿ, ಆಮೇಲೆ ಬಾಗಿಲಲ್ಲಿ, ಕೊನೆಗೆ ಒಳಗೇ ಬಂದು ಬೆನ್ನು ತಿರುಗಿಸಿ ಬೋರ್ಡು ಒರೆಸುತ್ತ ನಿಲ್ಲತೊಡಗಿದರು. ಸೋಮವಾರ ನಾನು "ಟೇಪು" ಅಂದೆ. ಅವಳು ಸುಮ್ಮನಿದ್ದಳು. ನಾನು ಕಾದೆ, ಕಾಯುವುದೇ ಮದ್ದಂತೆ, ಕುಡಿಯುವವರಿಗೆ ಗೊತ್ತು ಅದರ ಕಹಿ. ಅಷ್ಟರಲ್ಲಿ ಟೀಚರ್ ಬೋರ್ಡಿನ ಕಡೆ ಮುಖಮಾಡಿಯೇ "ಸೋಪು" ಅಂದುಬಿಟ್ಟರು. "ಅದನ್ನ ನಾನು ಹೇಳ್ಬೇಕಿತ್ತು!" ಎಂದಳು ನಿನ್ನ ಮಗಳು. ಟೀಚರಿಗೇ! ಟೀಚರ್ ಕೈಯಲ್ಲಿದ್ದ ಡಸ್ಟರನ್ನು ಕೆಳಗೆ ಬೀಳಿಸಿದರು.

ಅಲ್ಲಿಗೇ ಬಿಡಬೇಕಿತ್ತು. ಸುದ್ದಿ ಕೇಳಿದ ಹೆಡ್‌ಮಾಸ್ಟರು, ಒಳ್ಳೆಯ ಮನುಷ್ಯ ಪಾಪ, ಮರುದಿನ ಪ್ರಾರ್ಥನೆಯ ಹೊತ್ತಿಗೆ ಇವಳನ್ನು ಮುಂದೆ ಕರೆದು ಇಡೀ ಶಾಲೆಯಿಂದ ಚಪ್ಪಾಳೆ ಹೊಡೆಸಿದರು. ಆಗಿನಿಂದ ಖಾಲಿ ಕ್ಲಾಸಿನಲ್ಲಿ ನನ್ನ ಜೊತೆಗೂ ಮಾತಿಲ್ಲ. "ಗಾಬರಿ ಬೇಡಿ, ಎರಡು ಮೆಟ್ಟಿಲು ಇಳಿದು ಮತ್ತೆ ಹತ್ತೋಣ. ಮಾತಾಡಿದ್ರೆ ಮೆರವಣಿಗೆ ಮಾಡ್ಬೇಡಿ, ಉತ್ತರ ಕೊಡಿ ಸಾಕು" ಅಂದರು ಡಾಕ್ಟರಮ್ಮ. ನಾಳೆಯಿಂದ ಟೀಚರ್ ಮತ್ತೆ ಕಾರಿಡಾರಿಗೆ. ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಮತ್ತೆ ಹತ್ತದಿದ್ದರೆ?

ಹುಷಾರಾಗಿರು. ಅಕ್ಕನ ಆಶೀರ್ವಾದ ಇದರೊಂದಿಗಿದೆ. ಬೇಡವೆಂದರೂ ವಾಪಸು ತೆಗೆದುಕೊಳ್ಳುವವಳಲ್ಲ.

ನಿನ್ನ,
ವಟವಟಿಯ ಅಪ್ಪ

ತಾ.ಕ.: ಮುಖ್ಯವಾದದ್ದೇ ಬಿಟ್ಟೆ. ಫೋನಿನಲ್ಲಿ ಹೇಳುವಂತಿಲ್ಲ, ಅವಳ ಕಿವಿ ಪಕ್ಕದಲ್ಲೇ ಇರುತ್ತದೆ. ನಿನ್ನೆ ಸಂಜೆ ತಾನಾಗಿಯೇ ಅಂದಳು: "ಅಪ್ಪಾ, ಅಮ್ಮ ಬರೋ ದಿನ ಬಸ್ ಹತ್ರ ನೀನು ಸುಮ್ನಿರು. ನಮ್ಮಮ್ಮ ಬಂದ್ರಾ ಅಂತ ಕಂಡಕ್ಟರ್‌ನ ನಾನೇ ಕೇಳ್ತೀನಿ." ಆದ್ದರಿಂದ ಮುಂದಿನ ಭಾನುವಾರ ಕಿಟಕಿಯಿಂದ ನಾವು ಕಂಡರೂ ಇಳಿಯಬೇಡ, ಕೈ ಬೀಸಬೇಡ. ಹಿಂದಿನ ಸೀಟಿನಲ್ಲಿ ಕೂತಿರು. "ಇಳೀರಮ್ಮ, ಬಸ್ಸು ಡಿಪೋಗೆ ಹೋಗ್ಬೇಕು" ಅಂತ ಬೈದರೆ ಬೈಸಿಕೊ. ಅವಳಿಗೆ ಆಗಲೇ ಇಲ್ಲವೆಂದರೆ ನಾನೇ ಕೂಗುತ್ತೇನೆ, ಏನೂ ಆಗಿಲ್ಲವೆಂಬಂತೆ ಇಳಿದು ಬಾ. ಕೇಳಿಬಿಟ್ಟರೂ ಅಷ್ಟೇ, "ಬಂದೆ ಕಣೇ" ಅನ್ನು, ಸಾಕು. ಅಳುವುದಿದ್ದರೆ ಅವಳು ಮಲಗಿದ ಮೇಲೆ ಇಬ್ಬರೂ ಕೂತು ಅಳೋಣ.