ಇದೊಂದು ಪುಟ

ಮಾರ್ಚ್ ೯, ಶನಿವಾರ

ಪ್ರೀತಿಯ ಅಮ್ಮ,

ನಿನ್ನ ಮೊಣಕಾಲು ಈಗ ಹೇಗಿದೆ? ಪಾರ್ಸಲ್ ಕಳಿಸಿ ಎಷ್ಟು ದಿನವಾಯಿತು, ಅದರ ಬಗ್ಗೆ ನಾಲ್ಕು ಸಾಲು ಬರೆಯಲಿಲ್ಲ ಇವಳು ಎಂದು ಬೇಜಾರು ಮಾಡಿಕೊಂಡಿರುತ್ತೀಯ. ಕ್ಷಮಿಸು. ಬರೆಯಲು ಕೂತರೆ ಮಗಳು ಏಳುತ್ತಾಳೆ. ಅವಳು ಮಲಗಿದರೆ ನಾನು ಮೂಗಿನ ಕೆಳಗೆ ಬೆರಳು ಹಿಡಿದು ಉಸಿರು ಬರುತ್ತಿದೆಯಾ ಎಂದು ನೋಡುತ್ತ ಕೂರುತ್ತೇನೆ. ನಿದ್ದೆ ಅನ್ನುವುದು ಈ ಮನೆ ಬಿಟ್ಟು ಹೋಗಿ ಐದು ತಿಂಗಳಾಯಿತು. ಇವರು ಮೊದಮೊದಲು ಸಮಾಧಾನ ಮಾಡುತ್ತಿದ್ದರು, ಈಗ ತಮಾಷೆ ಮಾಡುತ್ತಾರೆ. "ಚೆನ್ನಾಗಿ ಮಲಗಿರೋ ಮಗೂನ ಎಬ್ಬಿಸಿ, ಚೆನ್ನಾಗಿ ಮಲಗಿದ್ಯಾ ಅಂತ ಕೇಳ್ತೀಯಲ್ಲೇ" ಎನ್ನುತ್ತಾರೆ. ಹೇಳಿ ಆ ಕಡೆ ಹೊರಳಿದರೆ ಮುಗಿಯಿತು, ಗೊರಕೆ. ಲಿಫ್ಟ್ ರಿಪೇರಿ ಮಾಡುವವರಿಗೆ ನಿದ್ದೆಯೂ ಗುಂಡಿ ಒತ್ತಿದ ಹಾಗೆ ಬರುತ್ತದೆ ಎಂದು ಕಾಣುತ್ತದೆ.

ಹೋದ ಸಲ ಫೋನಿನಲ್ಲಿ ನೀನು ಒಂದು ಮಾತು ಕೇಳಿದೆ. ಮುಂದಿನ ತಿಂಗಳು ನನ್ನ ಹೆರಿಗೆ ರಜೆ ಮುಗಿಯುತ್ತದಲ್ಲ, ಅದಕ್ಕೆ ಆಸ್ಪತ್ರೆಯ ಲಾಂಡ್ರಿ ಕೆಲಸ ಬಿಟ್ಟು ನಿಮ್ಮ ಮನೆಗೇ ಬಂದುಬಿಡಲಾ, ಮಗೂನ ನಾನು ನೋಡಿಕೊಳ್ಳುತ್ತೇನೆ ಅಂದೆ. ನಾನು ಹಾಲು ಉಕ್ಕುತ್ತಿದೆ ಎಂದು ಸುಳ್ಳು ಹೇಳಿ ಫೋನಿಟ್ಟೆ. ಅದಕ್ಕೆ ಉತ್ತರ ಹೇಳಲೆಂದೇ ಈ ಪತ್ರ. ಫೋನಿನಲ್ಲಿ ಹೇಳಿದರೆ ನೀನು ಸುಮ್ಮನಾಗುತ್ತೀಯ, ನೀನು ಸುಮ್ಮನಾದರೆ ನಾನು ಒಪ್ಪಿಬಿಡುತ್ತೇನೆ.

ಮೊದಲು ಪಾರ್ಸಲ್ ವಿಷಯ. ಹಳೆಯ ಹಾಸುಬಟ್ಟೆ ಕತ್ತರಿಸಿ ಅಂಚು ಹೊಲಿದು ಕಳಿಸಿದ್ದೀಯಲ್ಲ, ಅಷ್ಟು ಮೆತ್ತಗಿನ ಬಟ್ಟೆ ಇಲ್ಲಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಆದರೆ ಅದರ ಕೆಳಗೆ ಏನಮ್ಮ ಅದು? ಪ್ಲಾಸ್ಟಿಕ್ ಚೀಲದ ಗಂಟು ಬಿಚ್ಚಿದ್ದೇ ತಡ, ಬ್ಲೀಚಿಂಗ್ ಪೌಡರು, ತಲೆಗೆ ಹಚ್ಚುವ ಎಣ್ಣೆ, ಹಳಸಿದ ಚಹಾ ಎಲ್ಲ ಕಲಸಿದ ವಾಸನೆ ಮುಖಕ್ಕೆ ರಾಚಿತು. ನಿಮ್ಮ ಲಾಂಡ್ರಿಯ ಪ್ರೇಮ ಕಾದಂಬರಿಗಳು. ಪುಟದ ಮೂಲೆಗಳೆಲ್ಲ ಎಂಜಲು ಬೆರಳು ತಾಗಿ ತಾಗಿ ಕಂದಿವೆ. ಒಂದರಲ್ಲಿ ಚಪ್ಪಟೆಯಾದ ತಿಗಣೆ ಇತ್ತು, ಸರಿಯಾಗಿ ನಾಯಕ ನಾಯಕಿಯ ಕುತ್ತಿಗೆಗೆ ಮುತ್ತಿಡುವ ಸಾಲಿನ ಮೇಲೆ. ಹಸುಗೂಸು ಇರುವ ಮನೆಗೆ ಇದನ್ನು ಕಳಿಸಲು ನಿನಗೆ ಹೇಗೆ ಮನಸ್ಸು ಬಂತು? ಸೋಪು ಹಾಕಿ ಮೊಣಕೈವರೆಗೆ ತೊಳೆದುಕೊಂಡೆ. ಆದರೂ ಏನೋ ಹರಿದಾಡಿದ ಹಾಗೆ ಆಗುತ್ತಲೇ ಇತ್ತು.

ಒಂದೂ ಪೂರ್ತಿ ಪುಸ್ತಕವಲ್ಲ, ಎಲ್ಲ ತುಂಡುಗಳು. ನೋಡಿದ ಕೂಡಲೇ ನೆನಪಾಯಿತು. ಹೊಸ ಕಾದಂಬರಿ ಬಂದ ದಿನ ಇಸ್ತ್ರಿ ಮೇಜಿನ ಮೇಲೆ ಅದನ್ನು ಬೋರಲು ಹಾಕಿ, ಬೆನ್ನು ಸೀಳಿ, ಐದು ತುಂಡು ಮಾಡುತ್ತಿದ್ದಿರಿ. ಹಾಸುಬಟ್ಟೆ ಹೊಲಿಯುವ ದಪ್ಪ ದಾರದಲ್ಲಿ ಒಂದೊಂದಕ್ಕೂ ಹೊಲಿಗೆ. ಐದು ಜನ ಹೆಂಗಸರಿಗೆ ಐದು ತುಂಡು. ಸಂಜೆ ಮನೆಗೆ ಒಯ್ದು ಓದಿ, ಬೆಳಿಗ್ಗೆ ಬಂದು ಬದಲಾಯಿಸಿಕೊಳ್ಳಬೇಕು. ಮೊದಲು, ಕೊನೆ ಎಂಬುದೇ ಇಲ್ಲ. ಒಬ್ಬಳು ಮದುವೆ ಓದಿದ ಮೇಲೆ ಜಗಳ ಓದುತ್ತಿದ್ದಳು, ಇನ್ನೊಬ್ಬಳು ಅವರಿಬ್ಬರ ಪರಿಚಯವಾಗುವುದನ್ನು ಎಲ್ಲಕ್ಕಿಂತ ಕೊನೆಗೆ. ಯಾರಾದರೂ ಮುಗಿಸದೆ ಬಂದರೆ ಎಲ್ಲರ ಸರದಿಯೂ ನಿಲ್ಲುತ್ತಿತ್ತು. ಬಾಯ್ಲರ್ ನೋಡಿಕೊಳ್ಳುತ್ತಿದ್ದ ದೊಡ್ಡ ದನಿಯ ಅಕ್ಕ ಒಬ್ಬರಿದ್ದರಲ್ಲ, ಶಾಲೆ ಬಿಟ್ಟು ನಾನು ಅಲ್ಲಿಗೆ ಬಂದಾಗ ಅವರು ಯಾರಿಗೋ ಬೈಯುತ್ತಿದ್ದದ್ದು ಇನ್ನೂ ಕಿವಿಯಲ್ಲಿದೆ: "ಗಂಡನಿಗೆ ಊಟಕ್ಕೆ ಹಾಕ್ದಿದ್ರೂ ಪರವಾಗಿಲ್ಲ ಕಣೇ, ತುಂಡು ಮುಗಿಸ್ಕೊಂಡು ಬಾ."

ಈ ಕಂತೆಯಲ್ಲಿ ಒಂದು ಕಾದಂಬರಿಯ ಮೊದಲ ಮೂರು ತುಂಡುಗಳಲ್ಲಿ ನಾಯಕ ವಿಮಾನದ ಪೈಲಟ್. ನಾಲ್ಕನೆಯದರಲ್ಲಿ ಕುದುರೆ ಸಾಕುತ್ತಾನೆ. ನಾಯಕಿಗೂ ರಾತ್ರೋರಾತ್ರಿ ಒಬ್ಬಳು ತಂಗಿ ಹುಟ್ಟಿಕೊಂಡಿದ್ದಾಳೆ. ಬೇರೆ ಪುಸ್ತಕದ ತುಂಡನ್ನು ನಿಮ್ಮಲ್ಲಿ ಯಾರೋ ಇದಕ್ಕೆ ಸೇರಿಸಿ, ಮೇಲೆ ದೊಡ್ಡದಾಗಿ ನಾಲ್ಕು ಅಂತ ಬರೆದಿದ್ದೀರಿ. ಫೋನಿನಲ್ಲಿ ಇದನ್ನು ಹೇಳಿದಾಗ ನೀನು ನಕ್ಕುಬಿಟ್ಟೆ. ಅದು ನಮಗೆಲ್ಲ ಗೊತ್ತಿತ್ತು, ಪೈಲಟ್‌ನ ನಾಲ್ಕನೇ ತುಂಡು ಬಟ್ಟೆ ಜೊತೆ ಮಷೀನಿಗೆ ಹೋಗಿತ್ತು, ಅಂದೆ. "ಯಾರಾದ್ರೇನು ಬಿಡೇ, ಕೊನೆಗೆ ಕೈ ಹಿಡಿದ್ನಲ್ಲ" ಅಂದೆ.

ನನಗೆ ಹೇಸಿಗೆಯಾದದ್ದು ಇದಕ್ಕೇ. ಒಬ್ಬನನ್ನು ಕಿತ್ತು ಆ ಜಾಗದಲ್ಲಿ ಇನ್ನೊಬ್ಬನನ್ನು ಹೊಲಿದರೂ ವ್ಯತ್ಯಾಸ ಗೊತ್ತಾಗದಂಥ ಕಥೆಯನ್ನು ಐದು ಜನ ಬುದ್ಧಿವಂತ ಹೆಂಗಸರು ವರ್ಷಗಟ್ಟಲೆ ಬಾಯಿ ಚಪ್ಪರಿಸಿಕೊಂಡು ಓದಿದಿರಿ. ಆ ನಾಯಕನ ದವಡೆ ಯಾವಾಗಲೂ ಬಿಗಿದೇ ಇರುತ್ತದೆ, ಹಲ್ಲುನೋವಿನವನ ಹಾಗೆ. ಎರಡು ಪುಟಕ್ಕೊಮ್ಮೆ ಅವಳ ಮಣಿಕಟ್ಟು ಹಿಡಿದು ಎಳೆಯುತ್ತಾನೆ. ನಮ್ಮ ಕಚೇರಿಯಲ್ಲಿ ಯಾರಾದರೂ ಹಾಗೆ ಎಳೆದರೆ ಸಂಜೆಯೊಳಗೆ ಅವನ ಕೆಲಸ ಹೋಗುತ್ತದೆ. ಇವಳಿಗೆ ಮೈ ಜುಮ್ಮೆನ್ನುತ್ತದಂತೆ. ಇವಳಿಗೆ ನೆಗಡಿಯಾಗುವುದಿಲ್ಲ, ಬಾಯಿ ವಾಸನೆ ಬರುವುದಿಲ್ಲ. ಮೂರ್ಛೆ ಹೋದರೆ ಬೀಳುವುದು ಅವನ ತೋಳಿಗೆ. ನಾನು ಮೂರ್ಛೆ ಹೋದರೆ ಬೀಳುವುದು ಹೊಲಸು ಬಟ್ಟೆಯ ಬಕೆಟ್ಟಿನೊಳಗೆ. ಮೊಲೆ ತೊಟ್ಟು ಬಿರಿದು ರಕ್ತ ಬರುತ್ತಿದೆ, ಹೆಗಲ ಮೇಲೆ ಮಗಳು ಕಕ್ಕಿದ ಹಾಲು ಹುಳಿಯಾಗಿ ಒಣಗಿದೆ, ನನ್ನ ಮೈಯನ್ನು ನಾನೇ ಮೂಸಲಾರೆ. ಅಂಥದ್ದರಲ್ಲಿ ಇವಳ ಕೂದಲಿಗೆ ಮಲ್ಲಿಗೆಯ ವಾಸನೆಯಂತೆ. ಬೆಂಕಿ ಹಾಕಬೇಕು ಅನಿಸಿತು.

ಮತ್ತೆ ಯಾಕೆ ಓದಿದೆ ಎಂದು ಕೇಳಬೇಡ. ಹಾಲು ಕುಡಿಸುವಾಗ ಒಂದು ಕೈ ಖಾಲಿ ಇರುತ್ತದೆ. ದಪ್ಪ ಪುಸ್ತಕ ಒಂದೇ ಕೈಯಲ್ಲಿ ನಿಲ್ಲುವುದಿಲ್ಲ, ಈ ಹಾಳು ತುಂಡುಗಳು ನಿಲ್ಲುತ್ತವೆ. ಬೈದುಕೊಂಡೇ ಓದಿದೆ.

ಹೋದ ವಾರ ಚುಚ್ಚುಮದ್ದಿಗೆ ಹೋಗಿದ್ದೆವು. ಮಕ್ಕಳ ಡಾಕ್ಟರಮ್ಮನ ವಿಷಯ ಹೇಳಿದ್ದೆನಲ್ಲ, ಜ್ವರ ಎಷ್ಟು ಅಂತ ಅಳೆಯದೆ ಬಂದ ತಾಯಂದಿರನ್ನು ಎಲ್ಲರೆದುರು ಬೈದು ಅಳಿಸುವವರು. ಮಗಳ ಚೀಲದಿಂದ ಟವೆಲ್ ಎಳೆದೆ, ಜೊತೆಗೆ ಪೈಲಟ್‌ನ ಮೂರನೆಯ ತುಂಡು ಅವರ ಮೇಜಿನ ಮೇಲೆಯೇ ಬಿತ್ತು. ಭೂಮಿ ಬಾಯಿ ಬಿಡಬಾರದೇ ಅನಿಸಿತು. ನನ್ನದಲ್ಲ, ಅಮ್ಮನದು ಎಂದು ನಿನ್ನ ಮೇಲೆ ಹಾಕಿದೆ. ಅವರು ಕನ್ನಡಕ ಏರಿಸಿಕೊಂಡು ಒಂದು ಪುಟ ಓದಿದರು, ಮಗುಚಿ ಇನ್ನೊಂದು ಓದಿದರು. ಆಮೇಲೆ ತಲೆಯೆತ್ತದೆ, ಇದರ ಮುಂದಿನದು ಇದೆಯಾ ಎಂದು ಕೇಳಿದರು.

ನನಗೆ ಸಿಟ್ಟೇ ಬಂತು. ಇಷ್ಟು ಓದಿದ ನೀವು ಇದನ್ನು ಹೇಗೆ ಓದುತ್ತೀರಿ, ಕೊನೆ ಏನೆಂದು ಮೊದಲೇ ಗೊತ್ತಿರುತ್ತದಲ್ಲ ಅಂದೆ.

"ಅದಕ್ಕೇ ಓದೋದು" ಎಂದರು. "ನೀವು ಕೂತಿದ್ದೀರಲ್ಲ, ಆ ಕುರ್ಚಿಯಲ್ಲಿ ಕೂತವರೆಲ್ಲ ನನ್ನ ಕೇಳೋದು ಒಂದೇ. ಏನೂ ಆಗಲ್ಲ ಅಲ್ವಾ ಡಾಕ್ಟ್ರೇ, ಅಂತ. ನಾನು ಯಾರನ್ನ ಕೇಳಲಿ? ಇದರಲ್ಲಿ ಕೇಳೋದೇ ಬೇಡ."

ನನ್ನ ಕೆಲಸ ನಿನಗೆ ಗೊತ್ತು. ವಿಮಾ ಕಚೇರಿಯಲ್ಲಿ ಕೂತು, ಯಾರಿಗೆ ಯಾವ ವಯಸ್ಸಿನಲ್ಲಿ ಏನು ಕೆಟ್ಟದ್ದಾಗಬಹುದು ಎಂದು ಲೆಕ್ಕ ಹಾಕುವವಳು ನಾನು. ಮಗಳು ಹುಟ್ಟಿದ ದಿನದಿಂದ ಆ ಪಟ್ಟಿಗಳೆಲ್ಲ ತಲೆಯೊಳಗೆ ತಾವಾಗಿ ಓಡುತ್ತಿವೆ. ಬಿದ್ದರೆ, ಉಸಿರುಗಟ್ಟಿದರೆ, ಸುಮ್ಮನೆ ಮಲಗಿದ್ದವಳು ಏಳದಿದ್ದರೆ. ಒಂದು ಮಾತು ಮಾತ್ರ ಒಪ್ಪಿಕೊಳ್ಳುತ್ತೇನೆ, ಒಪ್ಪಿಕೊಳ್ಳಲು ಅಸಹ್ಯವಾಗುತ್ತದೆ. ಆ ದವಡೆಯವನು ವಿಮಾನ ಏರಿ ಸಿಡಿಲಿನ ಮೋಡದೊಳಗೆ ಹೋದಾಗ ನನಗೆ ಭಯವಾಗಲೇ ಇಲ್ಲ. ಇವನು ಸಾಯುವುದಿಲ್ಲ ಎಂದು ಗೊತ್ತಿತ್ತು. ಐದು ತಿಂಗಳಲ್ಲಿ ನನಗೆ ಖಾತ್ರಿಯಾಗಿ ಗೊತ್ತಿದ್ದ ಸಂಗತಿ ಅದೊಂದೇ.

ಇರಲಿ. ಈಗ ನಿನ್ನ ಪ್ರಶ್ನೆ.

ಅಮ್ಮ, ನೀನು ಬರುವುದು ಬೇಡ. ಇಲ್ಲೇ ಪಕ್ಕದ ಬೀದಿಯಲ್ಲಿ ಒಬ್ಬರು ಮಕ್ಕಳನ್ನು ನೋಡಿಕೊಳ್ಳುತ್ತಾರೆ. ನಿವೃತ್ತ ಟೀಚರ್, ಚೊಕ್ಕಟವಾಗಿದ್ದಾರೆ, ಮನೆಯಲ್ಲಿ ಒಂದು ಕಾದಂಬರಿಯೂ ಕಾಣಲಿಲ್ಲ. ಕಾರಣ ನಿನಗೂ ಗೊತ್ತಿದೆ ಅಂದುಕೊಳ್ಳುತ್ತೇನೆ. ಚಿಕ್ಕವಳಿದ್ದಾಗ ನಾನು ಬಾಗಿಲಲ್ಲಿ ನಿಂತಿರುತ್ತಿದ್ದೆ. ಮಂಡಿ ತರಚಿಕೊಂಡು, ಹೊಟ್ಟೆನೋವೆಂದು, ಒಮ್ಮೊಮ್ಮೆ ಏನೂ ಇಲ್ಲದೆ ಸುಮ್ಮನೆ. ನೀನು ತುಂಡಿನಿಂದ ಕಣ್ಣು ತೆಗೆಯದೆ ಒಂದು ಬೆರಳು ಮೇಲೆತ್ತುತ್ತಿದ್ದೆ. "ಇದೊಂದು ಪುಟ, ಸಿಡುಕಿ." ಬೆಳಿಗ್ಗೆಯೊಳಗೆ ಮುಗಿಸಬೇಕಲ್ಲ, ನಾಲ್ಕು ಜನ ಕಾಯುತ್ತಿರುತ್ತಾರೆ. ಐದನೆಯವಳು ಬಾಗಿಲಲ್ಲಿ ಕಾಯುತ್ತಿದ್ದಳು. ಆ ಬೆರಳನ್ನು ನನ್ನ ಮಗಳು ನೋಡಬಾರದು. ಹೆಚ್ಚು ಹೇಳಿದರೆ ಒರಟಾಗುತ್ತದೆ, ಇಲ್ಲಿಗೆ ನಿಲ್ಲಿಸುತ್ತೇನೆ.

ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುವುದು ಬಿಡಬೇಡ, ಒದ್ದೆ ಬಟ್ಟೆಯ ಬುಟ್ಟಿ ಒಬ್ಬಳೇ ಎತ್ತಬೇಡ. ಮೊಮ್ಮಗಳು ನಿನಗೆ ಎರಡೂ ಕಾಲು ಝಾಡಿಸಿ ನಮಸ್ಕಾರ ಹೇಳುತ್ತಿದ್ದಾಳೆ. ಇಲ್ಲಿಂದಲೇ ಅವಳಿಗೆ ಆಶೀರ್ವಾದ ಮಾಡು. ನನಗೂ ಸ್ವಲ್ಪ ಉಳಿಸು.

ನಿನ್ನ,
ಸಿಡುಕಿ

ಮರೆತ ಮಾತು: ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು. ಮೇಲಿನದನ್ನೆಲ್ಲ ಬರೆದು, ಲಕೋಟೆ ಅಂಟಿಸಿ, ಈಗ ಮತ್ತೆ ಹರಿದಿದ್ದೇನೆ.

ನಿನ್ನೆ ಮಧ್ಯಾಹ್ನ ಇವರು ಕೆಲಸಕ್ಕೆ ಹೋಗಿದ್ದರು. ಮಗಳು ಚಾಪೆಯ ಮೇಲಿದ್ದಳು, ನಾನು ಕುದುರೆಯವನ ತುಂಡು ಹಿಡಿದು ಗೋಡೆಗೆ ಒರಗಿದ್ದೆ. ಅವಳು ಅತ್ತಳು. ಕೇಳಿಸಲಿಲ್ಲ ಎಂದೇನೂ ಅಲ್ಲ, ಕೇಳಿಸಿತು. ಹಸಿವಿನ ಅಳು ಅಲ್ಲ, ಎತ್ತಿಕೋ ಎನ್ನುವ ಅಳು ಎಂದು ಕೂಡ ಗೊತ್ತಾಯಿತು. ಇನ್ನು ಅರ್ಧ ಪುಟವಿತ್ತು. ಪುಟದ ಕೊನೆಗೆ ಬಂದು ನೋಡಿದರೆ ನನ್ನ ಬೆರಳು ಮೇಲೆದ್ದಿದೆ. ನಾನು ಎತ್ತಿದ್ದಲ್ಲ ಅಮ್ಮ, ಅದೇ ಎದ್ದು ನಿಂತಿತ್ತು. ಮಗಳು ಅಳು ನಿಲ್ಲಿಸಿ ಆ ಬೆರಳನ್ನೇ ನೋಡುತ್ತಿದ್ದಳು. ನಾನೂ ಹಾಗೇ ಸುಮ್ಮನಾಗುತ್ತಿದ್ದೆ. ಎಷ್ಟು ಬೇಗ ಕಲಿತುಬಿಟ್ಟಳು.

ಬಾತ್ರೂಮಿಗೆ ಹೋಗಿ ವಾಂತಿ ಮಾಡಿಕೊಂಡೆ. ಆ ತಿಗಣೆ ಕಂಡಾಗಲೂ ಅಷ್ಟು ಹೇಸಿಗೆಯಾಗಿರಲಿಲ್ಲ.

ಆಮೇಲಿಂದ ಒಂದೇ ಚಿತ್ರ ಕಣ್ಣ ಮುಂದೆ ಬರುತ್ತಿದೆ. ಇಷ್ಟು ವರ್ಷ ನಾನು ಬಾಗಿಲಲ್ಲಿ ನಿಂತು ನಿನ್ನ ಬೆರಳನ್ನಷ್ಟೇ ನೋಡಿದ್ದೆ. ನಿನ್ನೆ ಮೊದಲ ಸಲ ನಿನ್ನ ಕೋಣೆ ಕಂಡಿತು. ಲಾರಿ ಓಡಿಸುವ ಅಪ್ಪ ಯಾವ ಊರಿನಲ್ಲಿದ್ದಾರೋ, ಬರುತ್ತಾರೋ ಇಲ್ಲವೋ ಗೊತ್ತಿಲ್ಲ. ಇಡೀ ದಿನ ಆಸ್ಪತ್ರೆಯವರ ರಕ್ತದ ಬಟ್ಟೆ ಒಗೆದ ಕೈ. ಅದರಲ್ಲಿ ಒಂದು ತುಂಡು. ಬಾಗಿಲಲ್ಲಿ ನಾನು. ನಡುವೆ ಬಂದು ನನ್ನನ್ನು ಎತ್ತಿಕೊಂಡು ಹೋಗುವವರು ಯಾರೂ ಇರಲಿಲ್ಲ.

ಬಾ ಅಮ್ಮ. ಲಾಂಡ್ರಿಯವರಿಗೆ ಹೇಳಿ ಬಂದುಬಿಡು. ನಿನ್ನ ಬೆರಳು ಮೇಲೆದ್ದರೆ ನಾನು ಮಗಳನ್ನು ಎತ್ತಿಕೊಳ್ಳುತ್ತೇನೆ. ನನ್ನದು ಎದ್ದರೆ ನೀನು ಎತ್ತಿಕೋ.

ಐದನೆಯ ತುಂಡು ಇದರಲ್ಲಿ ಇಲ್ಲ. ಸಿಕ್ಕರೆ ತಾ. ಯಾವ ಪುಸ್ತಕದ್ದಾದರೂ ಆದೀತು.